ಕ್ಷೌರದ ಕತ್ತಿ ಯಾರ ಕೈಯಲ್ಲಿ?

ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯನ್ನು ಒಮ್ಮೆ ಓದಿ ನೋಡಬೇಕು. ಕಿವಿಕಡ್ಡಿ, ಬಲೂನಿನ ಕಡ್ಡಿ, ಐಸ್‌ಕ್ರೀಮ್ ಕಡ್ಡಿ, ಲೋಟ, ತಟ್ಟೆ, ಚಮಚ, ಹೀರುಕೊಳವೆ, ಸಿಹಿತಿಂಡಿಯ ಪೆಟ್ಟಿಗೆಗೆ ಸುತ್ತುವ ಹಾಳೆ ಎಲ್ಲವೂ ಅದರಲ್ಲಿವೆ. ನಾಲ್ಕಾರು ಬಾರಿ ಗಡ್ಡ ಹೆರೆದು ಎಸೆಯುವ ರೇಜರಿನ ಹೆಸರು ಮಾತ್ರ ಅಲ್ಲಿಲ್ಲ. ಕಿವಿಕಡ್ಡಿಗಿಂತ ಅದು ಹಲವು ಪಟ್ಟು ತೂಕದ ವಸ್ತು. ಸಾಲದೆಂಬಂತೆ ಅದರ ಹಿಡಿಯ ಪ್ಲಾಸ್ಟಿಕ್ ಒಂದು ಬಗೆಯದು, ತಲೆಯದು ಇನ್ನೊಂದು ಬಗೆಯದು, ನಡುವೆ ಉಕ್ಕಿನ ಅಲಗು, ಕೆಲವಕ್ಕೆ ರಬ್ಬರಿನ ಅಂಚು ಬೇರೆ. ಇವನ್ನು ಬಿಡಿಸಿ ಬೇರ್ಪಡಿಸುವ ಕೆಲಸವನ್ನು ಯಾವ ಗುಜರಿಯವನೂ ಮಾಡುವುದಿಲ್ಲ. ಅವನಿಗೆ ಅದು ಕಟ್ಟಿಬರುವುದೂ ಇಲ್ಲ.

ಪೇಟೆಯಲ್ಲಾದರೆ ಕಸದ ಗಾಡಿಯಾದರೂ ಬರುತ್ತದೆ. ನಮ್ಮ ಮಲೆನಾಡಿನ ಒಂಟಿಮನೆಗಳ ದಾರಿಗೆ ಅದು ಬರುವುದು ಅಪರೂಪ. ಹಾಗಾಗಿ ಮುಗಿದ ರೇಜರಿಗೆ ಇಲ್ಲಿ ಮೂರೇ ಗತಿ: ಬಚ್ಚಲೊಲೆ, ಗೊಬ್ಬರಗುಂಡಿ, ಹಳ್ಳ. ಬಚ್ಚಲೊಲೆಗೆ ಬಿದ್ದರೆ ಪ್ಲಾಸ್ಟಿಕ್ಕಿನ ಹೊಗೆ ಮನೆಮಂದಿಯ ಎದೆಗೆ ಇಳಿಯುತ್ತದೆ, ಬೂದಿಯೊಡನೆ ಅಲಗು ತರಕಾರಿ ಮಡಿಗೆ ಹೋಗುತ್ತದೆ. ಗೊಬ್ಬರಗುಂಡಿಗೆ ಬಿದ್ದದ್ದು ಇನ್ನೂ ಅಪಾಯಕರ. ದನ ಮೇವನ್ನು ಅಗಿದು ಪರೀಕ್ಷಿಸಿ ನುಂಗುವ ಪ್ರಾಣಿಯಲ್ಲ, ಸಿಕ್ಕಿದ್ದನ್ನು ನುಂಗಿ ಆಮೇಲೆ ಮೆಲುಕು ಹಾಕುವಂಥದು. ಹುಲ್ಲಿನೊಡನೆ ಒಳಹೋದ ಲೋಹದ ಚೂರು ಹೊಟ್ಟೆಯ ಜೇನುಗೂಡಿನಂಥ ಕೋಣೆಯಲ್ಲಿ ನಿಲ್ಲುತ್ತದೆ. ಆ ಕೋಣೆಗೂ ಹೃದಯಕ್ಕೂ ನಡುವೆ ತೆಳುವಾದ ವಪೆಯೊಂದೇ ಅಡ್ಡ. ಮೇವು ಬಿಟ್ಟು, ಬೆನ್ನು ಬಾಗಿಸಿ ನಿಂತು, ಕಾರಣ ತಿಳಿಯದೆ ಸತ್ತ ಹಸುಗಳ ಹೊಟ್ಟೆ ಕೊಯ್ದಾಗ ತಂತಿ, ಮೊಳೆ, ಬ್ಲೇಡಿನ ತುಂಡುಗಳು ಸಿಗುವುದನ್ನು ಪಶುವೈದ್ಯರು ಬಲ್ಲರು.

ಇನ್ನು ಹಳ್ಳದ ಮಾತು. ತುಂಗೆಯೂ ಭದ್ರೆಯೂ ಹುಟ್ಟುವುದು ನಮ್ಮ ಘಟ್ಟದ ಗಂಗಾಮೂಲದಲ್ಲಿ. ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟೆಯಲ್ಲಿ ನಿಂತು, ಎಡದಂಡೆ ನಾಲೆಯಲ್ಲಿ ಹರಿದು ಅದೇ ನೀರು ಸಿಂಧನೂರಿನ ಬತ್ತದ ಗದ್ದೆಗಳನ್ನು ಸೇರುತ್ತದೆ. ನಾವು ಇಲ್ಲಿ ಹಳ್ಳಕ್ಕೆ ಎಸೆದದ್ದು ಅಷ್ಟು ದೂರ ತೇಲಿ ಹೋಗುತ್ತದೆಯೇ ಎಂಬ ಪ್ರಶ್ನೆ ಬೇರೆ. ಆದರೆ ಆ ಕಡೆಯಿಂದ ನಮ್ಮ ಕಡೆಗೆ ಒಂದು ಪ್ರಶ್ನೆ ಬಂದಿದೆ, ಈ ಬರೆಹಕ್ಕೆ ಅದೇ ಕಾರಣ.

ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಸೀಮೆಯಲ್ಲಿ ವಳಕಮದಿನ್ನಿ ಎಂಬ ಊರಿದೆ. ದಿನ್ನಿ ಎಂದರೆ ದಿಬ್ಬ, ಎತ್ತರದ ನೆಲ. ಬಯಲುಸೀಮೆಯವರು ತಮ್ಮ ಒಂದಾಳೆತ್ತರದ ನೆಲಕ್ಕೂ ಹೆಸರಿಟ್ಟು ಗೌರವಿಸುತ್ತಾರೆ, ನಾವು ಗುಡ್ಡಗಳನ್ನೇ ಬಗೆದು ಹಾಕುತ್ತಿದ್ದೇವೆ. ಅದಿರಲಿ. ಆ ಊರಿನಿಂದ ಮಲೆನಾಡಿಗೆ ಓದಲು ಬಂದಿರುವ ಹುಡುಗನೊಬ್ಬ ನಮ್ಮ ಬಳಗದ ಶಿಬಿರದಲ್ಲಿ, ಪ್ಲಾಸ್ಟಿಕ್ ಕುರಿತ ಚರ್ಚೆಯೆಲ್ಲ ಮುಗಿದ ಮೇಲೆ, ಸಂಕೋಚದಿಂದ ಕೇಳಿದ: “ಸರ್, ಮೊದಲ ಒಂದ ರೇಜರ್ ತಗೋಬೇಕಂದ್ರ ಯಾವ್ದು ತಗೋಬೇಕ್ರಿ? ನಮ್ಮೂರಾಗ ಸೋಪು ನೊರೀನ ಬರಂಗಿಲ್ಲ, ಇಲ್ಲಿ ತೊಳದ್ರೂ ಹೋಗಂಗಿಲ್ಲ.” ಕೆಲವರು ನಕ್ಕರು. ಆ ದಿನದ ಎಲ್ಲ ಪ್ರಶ್ನೆಗಳಲ್ಲಿ ಉತ್ತರಕ್ಕೆ ಹೆಚ್ಚು ಯೋಗ್ಯವಾದದ್ದು ಅದೇ ಎಂದು ನನ್ನ ಅಭಿಪ್ರಾಯ. ಅದರೊಳಗೆ ಭೂವಿಜ್ಞಾನವೂ ಇದೆ, ಸಮಾಜವಿಜ್ಞಾನವೂ ಇದೆ.

ಉತ್ತರ ಹೇಳುವ ಮುನ್ನ ಒಂದು ಭ್ರಮೆಯನ್ನು ಕಳೆಯಬೇಕಾಗಿದೆ. ಲೋಹದ ಸೇಫ್ಟಿ ರೇಜರನ್ನು ಇತ್ತೀಚೆಗೆ ‘ಸಾಂಪ್ರದಾಯಿಕ’, ‘ಪರಿಸರಸ್ನೇಹಿ’ ಎಂಬ ವಿಶೇಷಣಗಳೊಡನೆ ಮಾರಲಾಗುತ್ತಿದೆ. ಅದರ ಹುಟ್ಟನ್ನು ನೋಡಿದರೆ ಈ ಮಾತು ವಿಚಿತ್ರವೆನಿಸುತ್ತದೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ ಬಾಟಲಿಗಳ ಮುಚ್ಚಳ ಮಾರುವ ಕಂಪನಿಯಲ್ಲಿ ಮಾರಾಟಗಾರನಾಗಿದ್ದ. ಆ ಮುಚ್ಚಳವನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಆತನಿಗೆ ಕೊಟ್ಟ ಉಪದೇಶವೆಂದರೆ, ಜನ ಒಮ್ಮೆ ಬಳಸಿ ಎಸೆದು ಮತ್ತೆ ಕೊಳ್ಳುವಂಥ ವಸ್ತುವೊಂದನ್ನು ಕಂಡುಹಿಡಿ ಎಂಬುದು. ಜಿಲೆಟ್ ಕಂಡುಕೊಂಡದ್ದು ತೆಳುವಾದ, ಎರಡಂಚಿನ, ಸಾಣೆ ಹಿಡಿಯುವ ಅಗತ್ಯವಿಲ್ಲದ ಬ್ಲೇಡು. 1903ರಲ್ಲಿ ಕಂಪನಿ ಮಾರಿದ್ದು 51 ರೇಜರು ಮತ್ತು 168 ಬ್ಲೇಡು ಮಾತ್ರ. 1904ರಲ್ಲಿ ಪೇಟೆಂಟ್ ದೊರೆಯಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ 35 ಲಕ್ಷ ರೇಜರುಗಳನ್ನು ಕೊಂಡು ಸೈನಿಕರಿಗೆ ಹಂಚಿತು. ಯುದ್ಧ ಮುಗಿದಾಗ ಒಂದು ಇಡೀ ಪೀಳಿಗೆಗೆ ಬ್ಲೇಡು ಎಸೆಯುವ ಅಭ್ಯಾಸವಾಗಿತ್ತು. 1971ರಲ್ಲಿ ಅದೇ ಕಂಪನಿ ಜೋಡಿ ಅಲಗಿನ ಪ್ಲಾಸ್ಟಿಕ್ ತಲೆಯನ್ನು ತಂದಿತು. 1970ರ ದಶಕದ ನಡುವೆ ಹಿಡಿಯ ಸಮೇತ ಎಸೆಯುವ ರೇಜರು ಬಂತು.

ಹೀಗೆ, ಇಂದು ನಾವು ಯಾವುದನ್ನು ಬಳಸಿ ಎಸೆಯುವ ಸಂಸ್ಕೃತಿಗೆ ಮದ್ದೆಂದು ಹೇಳುತ್ತಿದ್ದೇವೋ ಅದೇ ಆ ಸಂಸ್ಕೃತಿಯ ತಾಯಿ. ಆದರೂ ತಾಯಿಗೂ ಮಕ್ಕಳಿಗೂ ವ್ಯತ್ಯಾಸವಿದೆ. ಲೋಹದ ಹಿಡಿ ಅಜ್ಜನಿಂದ ಮೊಮ್ಮಗನಿಗೆ ಸಾಗುತ್ತದೆ. ಎಸೆಯುವುದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪದ ಉಕ್ಕಿನ ಹಾಳೆಯನ್ನು ಮಾತ್ರ, ಅದು ಕರಗಿ ಮತ್ತೆ ಉಕ್ಕಾಗಬಲ್ಲದು. ನಾನು ಅದರ ಪರ ನಿಲ್ಲುವುದು ಇಷ್ಟಕ್ಕೇ ಹೊರತು ಹಳೆಯದೆಂಬ ಮೋಹಕ್ಕಲ್ಲ.

ಹಳೆಯದೇ ಬೇಕೆಂದರೆ ಅದು ನಮ್ಮಲ್ಲೇ ಇತ್ತು. ಮಸ್ಕಿಯೆಂದೊಡನೆ ಎಲ್ಲರೂ 1915ರಲ್ಲಿ ದೊರೆತ, ಅಶೋಕನ ಹೆಸರನ್ನೇ ಹೇಳುವ ಶಾಸನವನ್ನು ನೆನೆಯುತ್ತಾರೆ. ಅದೇ ಮಸ್ಕಿಯ ನೆಲದಲ್ಲಿ 1954ರ ಉತ್ಖನನದಲ್ಲಿ ಕಬ್ಬಿಣಯುಗದ ನೆಲೆಯೂ ಹೊರಬಂದಿತು. ಯುರೋಪಿನವರು ದಕ್ಷಿಣ ಭಾರತದ ಉಕ್ಕನ್ನು ‘ವೂಟ್ಜ್’ ಎಂದು ಕರೆದದ್ದು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಮತ. ವಿದ್ಯುತ್ತಿನ ಮೈಕೆಲ್ ಫ್ಯಾರಡೆ 1820ರ ಸುಮಾರಿಗೆ ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್‌ನೊಡನೆ ಈ ಉಕ್ಕಿನ ಗುಟ್ಟನ್ನು ಭೇದಿಸಲು ಹೊರಟು ಹಲವು ಮಿಶ್ರಲೋಹಗಳನ್ನು ತಯಾರಿಸಿದ. ಅವುಗಳಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದನಂತೆ. ನಮ್ಮ ಹಳ್ಳಿಯ ಕ್ಷೌರಿಕನ ಮಡಿಸುವ ಕತ್ತಿ ಸಾಣೆಕಲ್ಲಿನ ಮೇಲೆ ಉಜ್ಜಿ ಉಜ್ಜಿ ಸಣ್ಣಗಾಗುತ್ತಿತ್ತೇ ಹೊರತು ಕಸವಾಗುತ್ತಿರಲಿಲ್ಲ. ಕಸದ ಲೆಕ್ಕದಲ್ಲಿ ಅದಕ್ಕೆ ಸಮನಾದ ರೇಜರು ಇನ್ನೊಂದಿಲ್ಲ.

ಆದರೆ ಆ ಕತ್ತಿ ಎಲ್ಲರ ಗಡ್ಡಕ್ಕೂ ತಾಗುತ್ತಿರಲಿಲ್ಲ. ಪರಿಸರದ ಹೆಸರಿನಲ್ಲಿ ಹಳೆಯ ಹಳ್ಳಿಯನ್ನು ಹಾಡಿ ಹೊಗಳುವ ನಮ್ಮಂಥವರು ಇಲ್ಲಿ ನಿಲ್ಲಬೇಕು. ಆಯಗಾರಿಕೆಯಲ್ಲಿ ಕ್ಷೌರಿಕನಿಗೆ ಸುಗ್ಗಿಯಲ್ಲಿ ಕಣದಿಂದ ಕಾಳು ಸಲ್ಲುತ್ತಿತ್ತು. ಕಾಳು ಅಳೆದುಕೊಟ್ಟವರು ಕತ್ತಿ ಯಾರನ್ನು ಮುಟ್ಟಬೇಕು, ಯಾರನ್ನು ಮುಟ್ಟಬಾರದು ಎಂಬುದನ್ನೂ ಅಳೆದುಕೊಟ್ಟಿದ್ದರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಬಲಗೈಯಂತಿದ್ದ ಹಡಪದ ಅಪ್ಪಣ್ಣನವರನ್ನು ಉತ್ತರ ಕರ್ನಾಟಕದ ಕ್ಷೌರಿಕ ಸಮುದಾಯ ತನ್ನ ಹಿರಿಯರೆಂದು ಪೂಜಿಸುತ್ತದೆ. ಆತನೂ ವಚನಕಾರ, ಆತನ ಮಡದಿ ಲಿಂಗಮ್ಮನೂ ವಚನಕಾರ್ತಿ. ಆ ಪರಂಪರೆಯ ಜನರ ವೃತ್ತಿಯ ಹೆಸರನ್ನೇ ನಾವು ಇಂದಿಗೂ ಬೈಗುಳವಾಗಿ ಬಳಸುತ್ತೇವೆ. ಅತ್ತ ಕ್ಷೌರಿಕನಿಗೂ ಅವಮಾನ, ಇತ್ತ ಅವನ ಅಂಗಡಿಯ ಹೊರಗೆ ನಿಲ್ಲಬೇಕಾದವನಿಗೂ ಅವಮಾನ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಪ್ರಿಟೋರಿಯಾದ ಪ್ರಸಂಗವೊಂದನ್ನು ಹೇಳಿದ್ದಾರೆ. ಬಿಳಿಯ ಕ್ಷೌರಿಕನೊಬ್ಬ ಅವರ ಕೂದಲು ಕತ್ತರಿಸಲು ತಿರಸ್ಕಾರದಿಂದ ನಿರಾಕರಿಸಿದ. ಗಾಂಧೀಜಿ ಯಂತ್ರವೊಂದನ್ನು ಕೊಂಡುತಂದು ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಂಡರು. ಹಿಂಭಾಗ ಕೆಟ್ಟುಹೋಯಿತು, ನ್ಯಾಯಾಲಯದ ಗೆಳೆಯರು ಇಲಿ ಕಡಿಯಿತೇ ಎಂದು ನಕ್ಕರು. ಪ್ರಸಂಗದ ತೂಕವಿರುವುದು ಅದರ ಮುಂದಿನ ಮಾತಿನಲ್ಲಿ. ಆ ಕ್ಷೌರಿಕನನ್ನು ಅವರು ದೂರಲಿಲ್ಲ. ಕಪ್ಪುಜನರನ್ನು ಮುಟ್ಟಿದರೆ ಅವನ ಗಿರಾಕಿಗಳು ತಪ್ಪುತ್ತಿದ್ದರು. ನಮ್ಮ ಕ್ಷೌರಿಕರು ಅಸ್ಪೃಶ್ಯರನ್ನು ಮುಟ್ಟದಂತೆ ನಾವೇ ತಡೆದಿದ್ದೇವಲ್ಲ, ಅದರ ಫಲ ಇದು ಎಂದು ತಿಳಿದರು.

ಇದು ನೂರು ವರ್ಷಕ್ಕೂ ಹಿಂದಿನ ಕಥೆ ಎನ್ನುವಂತಿಲ್ಲ. 2024ರ ಆಗಸ್ಟ್ ತಿಂಗಳಿನಲ್ಲಿ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ, ಕ್ಷೌರದ ವಿಷಯಕ್ಕೆ ಎದ್ದ ಜಗಳದಲ್ಲಿ ದಲಿತ ಯುವಕನೊಬ್ಬನ ಕೊಲೆಯಾದುದನ್ನು ಪತ್ರಿಕೆಗಳು ವರದಿ ಮಾಡಿದವು. ಮಲೆನಾಡಿನವರಾದ ನಾವು, ನಮ್ಮಲ್ಲಿ ಹಾಗಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ಬೇಡ. ನಮ್ಮಲ್ಲಿ ಮನೆಗಳು ದೂರದೂರ ಇರುವುದರಿಂದ ಕಾಣಿಸುವುದು ಕಡಿಮೆ, ಅಷ್ಟೆ.

ಹೀಗಿರುವಾಗ ಸ್ವಂತ ರೇಜರು ಬರಿಯ ಸೌಂದರ್ಯಸಾಧನವಲ್ಲ. ಇಪ್ಪತ್ತು ವರ್ಷದ ಹುಡುಗ ತನ್ನ ಮುಖವನ್ನು ತಾನೇ ನೋಡಿಕೊಳ್ಳಬಲ್ಲನೆಂದರೆ, ಯಾವ ಹೊಸ್ತಿಲ ಮುಂದೆಯೂ ಅದಕ್ಕಾಗಿ ನಿಲ್ಲಬೇಕಾಗಿಲ್ಲ. ಆದರೆ ಈ ಮಾತನ್ನು ಯಾರು ಆಡುತ್ತಾರೆ ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ಜಗಳ ಬಂದಾಗಲೆಲ್ಲ ಊರ ಹಿರಿಯರು “ನಿಮ್ಮ ಕ್ಷೌರ ನೀವು ಮನೆಯಲ್ಲೇ ಮಾಡಿಕೊಂಡರಾಯಿತು” ಎಂದು ರಾಜಿ ಹೇಳುವುದುಂಟು. ಅದು ರಾಜಿಯಲ್ಲ, ಬಹಿಷ್ಕಾರಕ್ಕೆ ಹಾಕಿದ ಸಹಿ. ಸಂವಿಧಾನದ 15ನೆಯ ವಿಧಿ ಅಂಗಡಿಗಳಿಗೆ ಎಲ್ಲರಿಗೂ ಪ್ರವೇಶವುಂಟೆನ್ನುತ್ತದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಇಲ್ಲಿ ‘ಅಂಗಡಿ’ ಎಂದರೆ ಒಳಗೆ ಕಾಲಿಡುವುದಷ್ಟೇ ಅಲ್ಲ, ಕೂಲಿ ಕೊಟ್ಟು ಸೇವೆ ಕೇಳುವ ಹಕ್ಕೂ ಅದರಲ್ಲಿ ಸೇರಿದೆಯೆಂದು ಸ್ಪಷ್ಟಪಡಿಸಿದರು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ನಿರಾಕರಣೆಯನ್ನು ಅಪರಾಧವೆನ್ನುತ್ತದೆ. ಮನೆಯಲ್ಲಿ ರೇಜರಿರಲಿ, ಸಲೂನಿನ ಕುರ್ಚಿಯ ಮೇಲಿನ ಹಕ್ಕೂ ಇರಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುವಂತಿಲ್ಲ. ಕ್ಷೌರಿಕರ ಹೊಟ್ಟೆಪಾಡಿನ ಪ್ರಶ್ನೆಯನ್ನೂ ಕೆಲವರು ಎತ್ತಿದ್ದಾರೆ. ಗಡ್ಡವನ್ನು ಮನೆಯಲ್ಲಿ ಹೆರೆದುಕೊಳ್ಳುವವನೂ ತಲೆಗೆ ಅಂಗಡಿಗೇ ಹೋಗಬೇಕು, ಗಾಂಧೀಜಿಯ ಹಿಂದಲೆಯೇ ಇದಕ್ಕೆ ಸಾಕ್ಷಿ.

ಈಗ ಹುಡುಗನ ಪ್ರಶ್ನೆ. ರೇಜರು ಲೋಹದ್ದಿರಲಿ, ಎರಡಂಚಿನ ಬ್ಲೇಡು ಹಾಕುವಂಥದಿರಲಿ. ಅಂಚಿನ ಕೆಳಗಿನ ರಕ್ಷಾಪಟ್ಟಿ ಕೆಲವದರಲ್ಲಿ ಬಾಚಣಿಗೆಯ ಹಲ್ಲಿನಂತಿರುತ್ತದೆ, ಕೆಲವದರಲ್ಲಿ ಹಲ್ಲಿಲ್ಲದೆ ಒಂದೇ ಪಟ್ಟಿಯಾಗಿರುತ್ತದೆ. ಕಲಿಯುವವನಿಗೆ ಒಂದೇ ಪಟ್ಟಿಯದು ಮೇಲು, ಚರ್ಮ ಉಬ್ಬಿ ಅಲಗಿಗೆ ಸಿಗುವುದು ಕಡಿಮೆ. ಕೈಯಲ್ಲಿ ಹಿಡಿದಾಗ ತೂಕ ತಲೆಯ ಕಡೆಗಿರಬೇಕು, ಆಗ ಒತ್ತುವ ಕೆಲಸವನ್ನು ಕೈ ಮಾಡಬೇಕಾಗಿಲ್ಲ. ಬಿಚ್ಚಿದರೆ ಮೂರು ತುಂಡಾಗುವ ಸರಳ ರಚನೆಯದು ಸಾಕು. ತಿರುಗಿಸಿದರೆ ಬಾಗಿಲು ತೆರೆಯುವಂಥವು ಚಂದ, ಆದರೆ ಕೆಟ್ಟರೆ ರಿಪೇರಿಗೆ ಬರುವುದಿಲ್ಲ. ಮನೆಯ ಅಟ್ಟದಲ್ಲಿ ಅಜ್ಜನದೊಂದು ಹಿತ್ತಾಳೆಯ ರೇಜರು ಬಿದ್ದಿದ್ದರೆ ಹೊಸದನ್ನು ಕೊಳ್ಳುವುದೇ ಬೇಡ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುದಿನೀರಿನಲ್ಲಿ ತೊಳೆದರೆ ಅದು ಹೊಸದೇ. ನೂರು ವರ್ಷದಿಂದ ಬ್ಲೇಡಿನ ಅಳತೆ ಹೆಚ್ಚುಕಡಿಮೆ ಒಂದೇ ಆಗಿರುವುದು ಈ ವಸ್ತುವಿನ ದೊಡ್ಡ ಗುಣ. ಹಳ್ಳಿಯ ಕಿರಾಣಿ ಅಂಗಡಿಯ ಬ್ಲೇಡು ಯಾವ ದೇಶದ ರೇಜರಿಗೂ ಕೂರುತ್ತದೆ.

ಒಂದು ಎಚ್ಚರ. ಪೇಟೆಯ ಯುವಕರಲ್ಲಿ ಇದೊಂದು ಹವ್ಯಾಸವಾಗಿ ಬೆಳೆಯುತ್ತಿದೆ. ಹತ್ತು ರೇಜರು, ಇಪ್ಪತ್ತು ಬಗೆಯ ಸೋಪು, ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ಬ್ರಷ್ಷು! ಪ್ಲಾಸ್ಟಿಕ್ ಬಿಡಲು ಹೊರಟವನು ಕಪಾಟು ತುಂಬಿಸಿಕೊಳ್ಳುವುದು ಕೊಳ್ಳುಬಾಕತನದ ಇನ್ನೊಂದು ವೇಷ. ಬ್ರಷ್ಷೇ ಬೇಕೆಂದಿಲ್ಲ, ಅಂಗೈಯಲ್ಲೇ ನೊರೆ ಬರಿಸಬಹುದು. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿಮಾಡದ ಕುದುರೆಕೂದಲಿನ ಬ್ರಷ್ಷುಗಳಿಂದ ಆಂಥ್ರಾಕ್ಸ್, ಎಂದರೆ ನಮ್ಮ ಜಾನುವಾರುಗಳಿಗೆ ಬರುವ ನೆರಡಿ ರೋಗ, ಸೈನಿಕರ ಮುಖಕ್ಕೆ ಹತ್ತಿದ್ದುಂಟು. ಕೃಷಿ ವಿಜ್ಞಾನದವನಾದ್ದರಿಂದ ಇಂಥವು ನೆನಪಿನಲ್ಲಿ ಉಳಿಯುತ್ತವೆ.

ನೊರೆಯ ಸಮಸ್ಯೆ ನೀರಿನದು. ಸೋಪೆಂದರೆ ಎಣ್ಣೆಯ ಆಮ್ಲಗಳು ಸೋಡಿಯಂ ಅಥವಾ ಪೊಟ್ಯಾಸಿಯಂ ಜೊತೆ ಸೇರಿ ಆದ ಲವಣ. ಗಡಸು ನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಸಿಯಂ ಅಂಶಗಳು ಅದನ್ನು ಹಿಡಿದು ಕರಗದ ಗಸಿಯಾಗಿ ಮಾಡುತ್ತವೆ. ಸೋಪು ಖರ್ಚಾಗುತ್ತದೆ, ನೊರೆ ಏಳುವುದಿಲ್ಲ. ರಾಯಚೂರು ಸೀಮೆಯ ಕೊಳವೆಬಾವಿಗಳ ನೀರು ಹಲವೆಡೆ ಈ ಬಗೆಯದು. ನಮ್ಮಲ್ಲಿ ಭಾರೀ ಮಳೆ ಸಾವಿರಾರು ವರ್ಷಗಳಿಂದ ಮಣ್ಣಿನ ಸುಣ್ಣವನ್ನು ತೊಳೆದೊಯ್ದು ಜಂಬಿಟ್ಟಿಗೆಯನ್ನಷ್ಟೇ ಉಳಿಸಿದೆ. ಆದ್ದರಿಂದ ಇಲ್ಲಿನ ನೀರು ಮೆದು, ಎಷ್ಟು ತೊಳೆದರೂ ಜಾರಿಕೆ ಹೋದಂತೆನಿಸುವುದಿಲ್ಲ. ನಮ್ಮ ಅಡಿಕೆ ತೋಟಕ್ಕೆ ನಾವು ಸುಣ್ಣ ಹಾಕುವುದೂ, ವಳಕಮದಿನ್ನಿಯ ಕಡೆಯ ಪಾತ್ರೆಗಳ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದೂ ಒಂದೇ ಕಥೆಯ ಎರಡು ತುದಿಗಳು. ಊರಿಗೆ ಹೋದಾಗ ಅವನು ನೀರನ್ನು ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಲಿ. ಗಡಸಿನ ಒಂದು ಭಾಗ ತಳದಲ್ಲೇ ಉಳಿಯುತ್ತದೆ. ಮಳೆಯ ನೀರನ್ನು ಹಿಡಿದಿಟ್ಟಿದ್ದರೆ ಅದು ಎಲ್ಲಕ್ಕಿಂತ ಮೇಲು. ನಾಲೆಯ ನೀರೂ ಕೊಳವೆಬಾವಿಯದಕ್ಕಿಂತ ಮೆದುವೇ, ನಮ್ಮ ಘಟ್ಟದ್ದಲ್ಲವೇ.

ಕ್ಷೌರದ ಕ್ರಮ ಹೇಳುವಷ್ಟು ಕಷ್ಟದ್ದಲ್ಲ. ಸ್ನಾನದ ನಂತರ ಮಾಡುವುದು ಉತ್ತಮ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದರೂ ಬ್ಲೇಡನ್ನು ಮೊಂಡಾಗಿಸುವುದು ಹೇಗೆಂದು ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಅಲಗು ಸವೆಯುವುದಕ್ಕಿಂತ ಹೆಚ್ಚಾಗಿ, ಬಾಗಿದ ಕೂದಲು ತಾಗಿದೆಡೆ ಅದರ ಅಂಚು ಸೂಕ್ಷ್ಮವಾಗಿ ಚಕ್ಕೆಯೇಳುತ್ತದೆ. ನೀರು ಕುಡಿದ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸಿಕೊಳ್ಳುತ್ತದೆ. ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ನೆನೆದ ಗಡ್ಡಕ್ಕೆ ಬ್ಲೇಡು ಹೆಚ್ಚು ದಿನ ಬರುವುದು ಇದರಿಂದ. ರೇಜರಿನ ತಲೆಯನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ನಿಧಾನ ಕೆಳಗಿಳಿಸುತ್ತ ಬಂದರೆ ಒಂದು ಕಡೆ ಅಲಗು ಕೂದಲಿಗೆ ತಾಗುವ ಸದ್ದು ಕೇಳಿಸುತ್ತದೆ. ಆ ಸುಮಾರು 30 ಡಿಗ್ರಿಯ ಕೋನವೇ ಸರಿಯಾದದ್ದು. ಇನ್ನೊಂದು ಕೈಯಿಂದ ಚರ್ಮವನ್ನು ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ, ಒತ್ತದೆ, ಚಿಕ್ಕ ಚಿಕ್ಕ ಎಳೆತಗಳಲ್ಲಿ ಹೆರೆಯಬೇಕು. ಗಂಟಲಿನ ಬಳಿ ಕೂದಲು ಅಡ್ಡಾದಿಡ್ಡಿ ಬೆಳೆದಿರುತ್ತದೆ, ಮೊದಲೇ ಬೆರಳಾಡಿಸಿ ನೋಡಿಕೊಳ್ಳಬೇಕು. ಎದುರು ದಿಕ್ಕಿಗೆ ಹೆರೆಯುವ ಚಪಲ ಮೊದಲ ಆರು ತಿಂಗಳು ಬೇಡ, ಒಳಗೇ ಬೆಳೆದ ಕೂದಲು ಗುಳ್ಳೆಯಾಗಿ ಕಾಡುತ್ತದೆ. ಗಾಯವಾದರೆ ಪಟಿಕದ ತುಂಡನ್ನು ಒದ್ದೆಮಾಡಿ ಒತ್ತಿದರೆ ರಕ್ತ ನಿಲ್ಲುತ್ತದೆ. ಕದಡಿದ ನೀರನ್ನು ತಿಳಿಯಾಗಿಸಲು ಹಾಕುವುದೂ ಇದನ್ನೇ.

ಹಾಸ್ಟೆಲಿನ ಹುಡುಗರಿಗೆ ಇನ್ನೊಂದು ಮಾತು. ಗೆಳೆತನದಲ್ಲಿ ತಟ್ಟೆ ಹಂಚಿಕೊಳ್ಳಿ, ರೇಜರು ಬೇಡ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೂ ಕನಿಷ್ಠ ಏಳು ದಿನ ಬದುಕಿರಬಲ್ಲದು, ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಸಲೂನಿಗೆ ಹೋದಾಗಲೂ ಕತ್ತಿಗೆ ಹೊಸ ಅರ್ಧ ಬ್ಲೇಡನ್ನು ನಿಮ್ಮ ಕಣ್ಣೆದುರೇ ಹಾಕಿಸಿಕೊಳ್ಳಿ. ಒಳ್ಳೆಯ ಕ್ಷೌರಿಕ ಅದಕ್ಕೆ ಬೇಸರಿಸುವುದಿಲ್ಲ.

ಮುಗಿದ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಎಸೆದರೆ ಆಯುವ ಹೆಂಗಸಿನ ಕೈಗೆ, ಇಲ್ಲವೇ ದನದ ಬಾಯಿಗೆ ಅದು ಸೇರುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡಬ್ಬಿಯೊಂದರ ಪಕ್ಕಕ್ಕೆ ಉಳಿಯಿಂದ ಸಣ್ಣ ಸೀಳು ಮಾಡಿ ಬಚ್ಚಲಿನ ಗೂಡಿನಲ್ಲಿಡಿ, ಬ್ಲೇಡುಗಳನ್ನು ಅದರೊಳಗೇ ಹಾಕುತ್ತ ಬನ್ನಿ. ವಾರಕ್ಕೊಂದು ಬ್ಲೇಡಿನಂತೆ ಅದು ತುಂಬಲು ವರ್ಷಗಳೇ ಬೇಕು. ತುಂಬಿದಾಗ ಸೀಳನ್ನು ಸುತ್ತಿಗೆಯಿಂದ ಬಡಿದು ಮುಚ್ಚಿ, ಒಳಗೇನಿದೆಯೆಂದು ಬಾಯಿಬಿಟ್ಟು ಹೇಳಿ, ಗುಜರಿಯವನಿಗೆ ಕೊಡಿ.